ಮಣ್ಣಿನ ಪೊಟ್ಯಾಷ್: ಬೇರಿಗೆ ಸಿಗುವುದೆಷ್ಟು?

ಮಣ್ಣು ಪರೀಕ್ಷಾ ಕೇಂದ್ರದಿಂದ ರೈತನ ಕೈಗೆ ಬರುವ ಕಾರ್ಡಿನಲ್ಲಿ ‘ಲಭ್ಯ ಪೊಟ್ಯಾಷ್’ ಎಂಬ ಒಂದು ಸಾಲಿರುತ್ತದೆ. ಅದರ ಮುಂದೆ ಒಂದು ಸಂಖ್ಯೆ. ಸಂಖ್ಯೆಯ ಪಕ್ಕದಲ್ಲಿ ‘ಕಡಿಮೆ’, ‘ಮಧ್ಯಮ’ ಅಥವಾ ‘ಹೆಚ್ಚು’ ಎಂಬ ತೀರ್ಪು. ಗೊಬ್ಬರದ ಅಂಗಡಿಯಲ್ಲಿ ಕೆಂಪು ಬಣ್ಣದ ಆ ಪೊಟ್ಯಾಷ್ ಚೀಲವನ್ನು ಕೊಳ್ಳಬೇಕೇ, ಬೇಡವೇ, ಕೊಂಡರೆ ಎಷ್ಟು ಎಂಬುದೆಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಈ ಸಾಲಿನಲ್ಲಿ ಸಂಖ್ಯೆಗಿಂತ ಕುತೂಹಲಕರವಾದದ್ದು ‘ಲಭ್ಯ’ ಎಂಬ ವಿಶೇಷಣ. ಏಕೆಂದರೆ ಮಣ್ಣಿನಲ್ಲಿ ಪೊಟ್ಯಾಸಿಯಂಗೆ ಸಾಮಾನ್ಯವಾಗಿ ಬರವಿಲ್ಲ. ಒಂದು ಹೆಕ್ಟೇರ್ ಜಮೀನಿನಲ್ಲಿ ನೇಗಿಲು ತಿರುವಿಹಾಕುವ ಅರ್ಧ ಅಡಿ ಮಣ್ಣನ್ನಷ್ಟೇ ತೂಗಿದರೂ ಅದು 20 ಲಕ್ಷ ಕಿಲೊ ಮೀರುತ್ತದೆ. ಅದರಲ್ಲಿ ನೂರಕ್ಕೆ ಒಂದೂವರೆ ಪಾಲು ಪೊಟ್ಯಾಸಿಯಂ ಎಂದು ಹಿಡಿದರೆ 30 ಸಾವಿರ ಕಿಲೊ ಆಯಿತು. ಒಂದು ಒಳ್ಳೆಯ ಬೆಳೆ ಹೀರಿಕೊಳ್ಳುವುದು ನೂರೋ ನೂರೈವತ್ತೋ ಕಿಲೊ. ಬರೀ ಲೆಕ್ಕದ ಪ್ರಕಾರ ಇನ್ನೂರು ಬೆಳೆಗೆ ಯೋಚನೆಯಿಲ್ಲ. ಆದರೆ ಅದೇ ಹೊಲದಲ್ಲಿ ಹಳೆಯ ಎಲೆಗಳ ಅಂಚು ಬೆಂಕಿ ತಗುಲಿದಂತೆ ಒಣಗುವುದುಂಟು, ಕಾಳು ಜೊಳ್ಳಾಗುವುದುಂಟು. ಇವು ಪೊಟ್ಯಾಸಿಯಂ ಕೊರತೆಯ ಲಕ್ಷಣಗಳು. ಕಣಜ ತುಂಬಿದೆ, ಹೊಟ್ಟೆಗೆ ಮಾತ್ರ ಇಲ್ಲ.

ಹಾಗಾದರೆ ಮಣ್ಣಿನಲ್ಲಿರುವುದೆಷ್ಟು ಎಂದು ಕೇಳಿ ಪ್ರಯೋಜನವಿಲ್ಲ. ಬೇರಿಗೆ ಸಿಗುವುದೆಷ್ಟು ಎಂದು ಕೇಳಬೇಕು. ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಹುಡುಕಲು ರಸಾಯನಶಾಸ್ತ್ರಜ್ಞರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಣಗಿದ್ದಾರೆ. ಉತ್ತರ ಇನ್ನೂ ಪೂರ್ಣವಾಗಿ ಸಿಕ್ಕಿಲ್ಲ ಎಂಬುದು ಕಾರ್ಡಿನ ಮೇಲೆ ಅಚ್ಚಾಗಿರುವುದಿಲ್ಲ, ಅಷ್ಟೆ.

ಬೂದಿಯಿಂದ ಬಂದ ಹೆಸರು

ಪೊಟ್ಯಾಷ್ ಎಂದರೆ ಮೂಲದಲ್ಲಿ ‘ಮಡಕೆಯ ಬೂದಿ’. ಯುರೋಪಿನಲ್ಲಿ ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಯಲ್ಲಿ ಬತ್ತಿಸಿ, ತಳದಲ್ಲಿ ಉಳಿದ ಬಿಳಿಯ ಉಪ್ಪನ್ನು ಸಾಬೂನು ಮತ್ತು ಗಾಜು ಮಾಡುವವರಿಗೆ ಮಾರುತ್ತಿದ್ದರು. 1807ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಷ್ ಮೂಲಕ ವಿದ್ಯುತ್ ಹಾಯಿಸಿ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ ಅದಕ್ಕೆ ಪೊಟ್ಯಾಸಿಯಂ ಎಂದು ಹೆಸರಿಟ್ಟ. ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಸುರಿಯುವ, ತರಗೆಲೆಯೊಂದಿಗೆ ಮಣ್ಣನ್ನು ಸುಟ್ಟು ‘ಸುಡುಮಣ್ಣು’ ಮಾಡಿ ತರಕಾರಿ ಗಿಡಗಳಿಗೆ ಹಾಕುವ ನಮ್ಮ ಕರಾವಳಿಯ ರೈತರಿಗೆ ಆ ಹೆಸರು ಗೊತ್ತಿರಬೇಕಾದ ಅಗತ್ಯವಿರಲಿಲ್ಲ. ಕೆಲಸ ಗೊತ್ತಿತ್ತು.

ಗಿಡಕ್ಕೆ ಬೂದಿಯಲ್ಲಿರುವ ಖನಿಜಗಳೇ ಆಹಾರ ಎಂಬ ಮಾತನ್ನು ಜೋರಾಗಿ ಹೇಳಿದವನು ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್. 1840ರಲ್ಲಿ ಪ್ರಕಟವಾದ ಅವನ ಗ್ರಂಥ ಕೃಷಿ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿತು. ಬೆಳೆ ಕೊಂಡೊಯ್ದ ಖನಿಜವನ್ನು ಲೆಕ್ಕ ಹಾಕಿ ಮಣ್ಣಿಗೆ ಹಿಂತಿರುಗಿಸಬೇಕು ಎಂಬುದು ಅವನ ಸಿದ್ಧಾಂತ. 1845ರಲ್ಲಿ ಅವನು ಇಂಗ್ಲೆಂಡಿನಲ್ಲಿ ತನ್ನದೇ ‘ಪೇಟೆಂಟ್ ಗೊಬ್ಬರ’ವನ್ನು ಮಾರುಕಟ್ಟೆಗೆ ತಂದ. ಆದರೆ ಅವನಿಗೊಂದು ಭಯವಿತ್ತು: ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು, ಮೊದಲ ಮಳೆಗೇ ಕೊಚ್ಚಿಹೋದರೆ? ಆದ್ದರಿಂದ ಪೊಟ್ಯಾಷನ್ನು ಸುಣ್ಣ, ರಂಜಕಗಳೊಂದಿಗೆ ಕುಲುಮೆಯಲ್ಲಿ ಕಾಯಿಸಿ ಬೆಸೆದು, ಸುಲಭವಾಗಿ ಕರಗದಂತೆ ಮಾಡಿದ.

ಗೊಬ್ಬರ ಹೊಲದಲ್ಲೇ ಉಳಿಯಿತು. ಬೆಳೆ ಮಾತ್ರ ಏಳಲಿಲ್ಲ. ಲೀಬಿಗ್‌ನ ಹೆಸರು ನಂಬಿ ದುಡ್ಡು ಸುರಿದ ಇಂಗ್ಲಿಷ್ ರೈತರು ಬೇಸತ್ತರು. ಆ ಕಾಲದ ಅತಿ ದೊಡ್ಡ ರಸಾಯನಶಾಸ್ತ್ರಜ್ಞ ಹುಡುಕಿ ಹುಡುಕಿ ಪೊಟ್ಯಾಷನ್ನು ಗಿಡಕ್ಕೆ ‘ಅಲಭ್ಯ’ಗೊಳಿಸಿದ್ದ. ‘ಇರುವುದು’ ಬೇರೆ, ‘ಸಿಗುವುದು’ ಬೇರೆ ಎಂಬ ಪಾಠ ಕೃಷಿ ವಿಜ್ಞಾನಕ್ಕೆ ಸಿಕ್ಕಿದ್ದು ಇಷ್ಟು ದುಬಾರಿಯಾಗಿ.

ಲೀಬಿಗ್‌ನ ಭಯ ಆಧಾರರಹಿತ ಎಂದು ತೋರಿಸಿಕೊಟ್ಟದ್ದು ಯಾರ್ಕ್‌ಶೈರಿನ ಒಬ್ಬ ಜಮೀನುದಾರ. ಎಚ್. ಎಸ್. ಥಾಂಪ್ಸನ್ ಎಂಬ ಅವನು ಯಾರ್ಕ್ ಪಟ್ಟಣದ ಔಷಧ ವ್ಯಾಪಾರಿ ಜೋಸೆಫ್ ಸ್ಪೆನ್ಸ್‌ನ ನೆರವಿನಿಂದ, ಮಣ್ಣು ತುಂಬಿದ ಕೊಳವೆಗೆ ಅಮೋನಿಯಂ ಲವಣದ ನೀರು ಸುರಿದು ಕೆಳಗೆ ಏನು ಇಳಿಯುತ್ತದೆಂದು ನೋಡಿದ. ಅಮೋನಿಯಾ ಮಣ್ಣಿನಲ್ಲೇ ನಿಂತಿತು. ಅದರ ಬದಲಿಗೆ ಸುಣ್ಣದ ಅಂಶ ಕೆಳಗಿಳಿಯಿತು. ಈ ಸುದ್ದಿ ತಿಳಿದ ಜೆ. ಥಾಮಸ್ ವೇ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಪೊಟ್ಯಾಷ್ ಸೇರಿದಂತೆ ಹಲವು ಲವಣಗಳಿಗೆ ವಿಸ್ತರಿಸಿ 1850 ಮತ್ತು 1852ರಲ್ಲಿ ವರದಿ ಪ್ರಕಟಿಸಿದ. ಜೇಡಿ ಕಣಗಳ ಮೈಮೇಲೆ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ತೇಲುವಂತೆ ಅಂಟಿಕೊಂಡಿರುತ್ತವೆ. ಒಂದು ಬಂದು ಕೂತರೆ ಇನ್ನೊಂದು ಎದ್ದು ಹೋಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರಕ್ಕೆ ಇಂದು ಅಯಾನು ವಿನಿಮಯ ಎಂದು ಹೆಸರು. ಲೀಬಿಗ್ ಮೊದಲು ಇದನ್ನು ಒಪ್ಪಲಿಲ್ಲ. ಮಣ್ಣೇ ಪೊಟ್ಯಾಷನ್ನು ಹಿಡಿದುಕೊಳ್ಳುತ್ತದೆ, ತಾನು ಕುಲುಮೆ ಹೊತ್ತಿಸಬೇಕಿರಲಿಲ್ಲ ಎಂದು ಆಮೇಲೆ ಅವನೇ ಒಪ್ಪಿಕೊಂಡ.

ಬೇರಿನ ಹುಳಿ

ಅಷ್ಟರಲ್ಲಿ ಪೊಟ್ಯಾಷ್ ಬೂದಿಯ ಮಟ್ಟದಿಂದ ಗಣಿಯ ಮಟ್ಟಕ್ಕೆ ಏರಿತ್ತು. ಜರ್ಮನಿಯ ಸ್ಟಾಸ್‌ಫರ್ಟ್‌ನಲ್ಲಿ ಅಡುಗೆ ಉಪ್ಪಿಗಾಗಿ ಬಾವಿ ತೋಡಿದಾಗ ಮೇಲೆ ಸಿಕ್ಕಿದ ಕಹಿ ಉಪ್ಪನ್ನು ಕಸವೆಂದು ಪಕ್ಕಕ್ಕೆ ಸುರಿದಿದ್ದರು. ಅದರಲ್ಲಿ ಪೊಟ್ಯಾಷ್ ಇದೆ ಎಂದು ಗೊತ್ತಾಗಿ 1861ರಲ್ಲಿ ಅಡಾಲ್ಫ್ ಫ್ರಾಂಕ್ ಅಲ್ಲಿ ಮೊದಲ ಕಾರ್ಖಾನೆ ತೆರೆದ. ಮುಂದಿನ ಐವತ್ತು ವರ್ಷ ಜಗತ್ತಿನ ಪೊಟ್ಯಾಷ್ ವ್ಯಾಪಾರ ಜರ್ಮನಿಯ ಮುಷ್ಟಿಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಆ ಮುಷ್ಟಿ ಬಿಗಿಯಾದಾಗ ಅಮೆರಿಕದಲ್ಲಿ ಬೆಲೆ ಹತ್ತು ಪಟ್ಟು ಮೀರಿ ಏರಿತು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಮುದ್ರದ ಕಳೆಯನ್ನು ಕೊಯ್ದು ಪೊಟ್ಯಾಷ್ ತೆಗೆಯುವ ಸ್ಥಿತಿ ಬಂತು.

ಹಣ ಕೊಟ್ಟು ಕೊಳ್ಳುವ ವಸ್ತುವಾದ ಮೇಲೆ, ತನ್ನ ಹೊಲಕ್ಕೆ ಅದು ಬೇಕೇ ಎಂದು ರೈತ ಕೇಳುವುದು ಸಹಜ. ಆದರೆ ಆಗಿನ ಪ್ರಯೋಗಶಾಲೆಗಳಲ್ಲಿ ಮಣ್ಣನ್ನು ತೀವ್ರ ಆಮ್ಲದಲ್ಲಿ ಬೇಯಿಸಿ ಕರಗಿದ್ದನ್ನೆಲ್ಲ ಅಳೆಯುತ್ತಿದ್ದರು. ಆ ಲೆಕ್ಕದಲ್ಲಿ ಬಂಜರು ಮಣ್ಣೂ ಫಲವತ್ತಾದ ಮಣ್ಣೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತಿದ್ದವು.

ಇಂಗ್ಲೆಂಡಿನ ಬರ್ನಾರ್ಡ್ ಡೈಯರ್ ಬೇರೆ ದಾರಿ ಹಿಡಿದ. ಬೇರಿನ ರಸ ಹುಳಿಯಾಗಿರುತ್ತದೆ. ಆ ಹುಳಿಯೇ ಮಣ್ಣಿನಿಂದ ಆಹಾರವನ್ನು ಬಿಡಿಸಿಕೊಳ್ಳುತ್ತಿರಬೇಕು ಎಂದು ಅವನ ತರ್ಕ. ನೂರಕ್ಕೂ ಹೆಚ್ಚು ಬಗೆಯ ಗಿಡಗಳ ಬೇರು ಕಿತ್ತು, ರಸ ಹಿಂಡಿ, ಹುಳಿ ಅಳೆದ. ಸರಾಸರಿ ನೂರಕ್ಕೆ ಒಂದು ಪಾಲು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯಲ್ಲಿರುವ ಹುಳಿಯ ತೀರ ತೆಳು ದ್ರಾವಣಕ್ಕೆ ಸಮ ಎಂದು ಕಂಡಿತು. ಅದೇ ಪ್ರಮಾಣದ ದ್ರಾವಣದಲ್ಲಿ ಮಣ್ಣನ್ನು ಏಳು ದಿನ ನೆನೆಸಿ, ಆಗಾಗ ಅಲ್ಲಾಡಿಸಿ, ಸೋಸಿ, ತಿಳಿಯಲ್ಲಿ ಏನಿದೆ ಎಂದು ನೋಡಿದ. ಪರೀಕ್ಷೆಗೆ ಅವನು ಆರಿಸಿಕೊಂಡದ್ದು ರಾಥಮ್‌ಸ್ಟೆಡ್‌ನ ಬಾರ್ಲಿ ಹೊಲದ ಮಣ್ಣು. ಅಲ್ಲಿ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ 1852ರಿಂದ ವರ್ಷ ತಪ್ಪದೆ ಒಂದೊಂದು ತಾಕಿಗೆ ಒಂದೊಂದು ಗೊಬ್ಬರ ಕೊಟ್ಟು, ಇಳುವರಿ ಬರೆದಿಟ್ಟಿದ್ದರು. ಯಾವ ತಾಕು ಹಸಿದಿದೆ, ಯಾವುದು ಉಂಡಿದೆ ಎಂಬುದು ಮೊದಲೇ ಗೊತ್ತಿತ್ತು. ತೀವ್ರ ಆಮ್ಲಕ್ಕೆ ಕಾಣದ ಆ ವ್ಯತ್ಯಾಸ ಡೈಯರನ ನಿಂಬೆಹುಳಿಗೆ ಎದ್ದು ಕಂಡಿತು. 1894ರಲ್ಲಿ ಅವನು ಈ ವಿಧಾನವನ್ನು ಪ್ರಕಟಿಸಿದಾಗ ಶೀರ್ಷಿಕೆಯಲ್ಲಿ ‘ಬಹುಶಃ ಲಭ್ಯ’ ಎಂಬ ಮಾತು ಬಳಸಿದ್ದ. ಆ ‘ಬಹುಶಃ’ ಕಾಲಕ್ರಮದಲ್ಲಿ ಎಲ್ಲೋ ಉದುರಿಹೋಯಿತು.

ಡೈಯರನ ತರ್ಕ ಪೂರ್ತಿ ಸರಿಯಲ್ಲ. ಬೇರು ತನ್ನ ಒಳಗಿನ ರಸವನ್ನು ಹೊರಗೆ ಸುರಿದು ಮಣ್ಣನ್ನು ಕರಗಿಸುವುದಿಲ್ಲ. ಆದರೆ ತನ್ನ ದ್ರಾವಣವನ್ನು ಅವನು ಹೊಲದ ಇಳುವರಿಯ ಎದುರಿಗಿಟ್ಟು ಒರೆ ಹಚ್ಚಿದ್ದ. ಅಂದಿನಿಂದ ಇಂದಿನವರೆಗೆ ಮಣ್ಣು ಪರೀಕ್ಷೆಯ ಯಾವ ಸಂಖ್ಯೆಗೂ ತನ್ನಷ್ಟಕ್ಕೆ ಬೆಲೆಯಿಲ್ಲ. ಹೊಲದಲ್ಲಿ ಬೆಳೆ ನುಡಿದ ಸಾಕ್ಷಿಯಿಂದಲೇ ಅದಕ್ಕೆ ಬೆಲೆ.

ಸಾಕ್ಷಿಯನ್ನು ನೇರವಾಗಿ ಗಿಡದಿಂದಲೇ ಪಡೆಯಲು ಹೊರಟವರೂ ಇದ್ದರು. ಜರ್ಮನಿಯ ನಾಯ್‌ಬವರ್ 1923ರಲ್ಲಿ, ಮರಳು ಬೆರೆಸಿದ ನೂರು ಗ್ರಾಂ ಮಣ್ಣಿನಲ್ಲಿ ರೈ ಧಾನ್ಯದ ನೂರು ಸಸಿಗಳನ್ನು ಎರಡೂವರೆ ವಾರ ಬೆಳೆಸಿ, ಸಸಿಗಳನ್ನೇ ಸುಟ್ಟು ಅವು ಎಷ್ಟು ಪೊಟ್ಯಾಷ್ ಹೀರಿದವೆಂದು ಅಳೆದ. ಅಮೆರಿಕದಲ್ಲಿ 1933ರ ಹೊತ್ತಿಗೆ ಹಳಸಿದ ಪದಾರ್ಥದ ಮೇಲೆ ಬೆಳೆಯುವ ಕಪ್ಪು ಬೂಷ್ಟನ್ನೇ ಈ ಕೆಲಸಕ್ಕೆ ಹಚ್ಚಿದರು. ಬೂಷ್ಟು ಎಷ್ಟು ದಪ್ಪ ಬೆಳೆಯಿತೋ ಅಷ್ಟು ಪೊಟ್ಯಾಷ್! ಚೆನ್ನಾಗಿಯೇ ಇತ್ತು, ಆದರೆ ಸಾವಿರಾರು ರೈತರ ಮಣ್ಣಿಗೆ ಸಸಿ ಬೆಳೆಸುತ್ತ, ಬೂಷ್ಟು ತೂಗುತ್ತ ಕೂರಲು ಯಾವ ಪ್ರಯೋಗಶಾಲೆಗೂ ವ್ಯವಧಾನವಿರಲಿಲ್ಲ.

ಭಾರತದಲ್ಲಿ

1889ರಲ್ಲಿ ಬ್ರಿಟಿಷ್ ಸರ್ಕಾರ ಜಾನ್ ಅಗಸ್ಟಸ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞನನ್ನು ಇಲ್ಲಿಗೆ ಕಳಿಸಿತು. ದೇಶ ಸುತ್ತಿ ಅವನು ಬರೆದ ವರದಿ 1893ರಲ್ಲಿ ಹೊರಬಂತು. ಸಗಣಿ ಬೆರಣಿಯಾಗಿ ಒಲೆ ಸೇರುವುದು ರೈತನ ಅಜ್ಞಾನದಿಂದಲ್ಲ, ಸೌದೆಯ ಅಭಾವದಿಂದ ಎಂದು ಅದರಲ್ಲಿ ಅವನು ಹೇಳಿದ್ದಾನೆ. (ಬೆರಣಿ ಸುಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ, ಪೊಟ್ಯಾಷ್ ಬೂದಿಯಲ್ಲೇ ಉಳಿಯುತ್ತದೆ, ಆ ಬೂದಿ ಹೊಲಕ್ಕೆ ಮರಳುತ್ತದೆಯೇ ಎಂಬುದು ಬೇರೆ ಪ್ರಶ್ನೆ.) ವೋಲ್ಕರನ ಹಿಂದೆಯೇ ಬಂದ ಜೆ. ಡಬ್ಲ್ಯು. ಲೆದರ್ ಭಾರತ ಸರ್ಕಾರದ ಕೃಷಿ ರಸಾಯನಶಾಸ್ತ್ರಜ್ಞನಾಗಿ ದೇಶದ ಮಣ್ಣುಗಳನ್ನು ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ವಿಂಗಡಿಸಿ ವಿಶ್ಲೇಷಿಸಿದ. ಮೈಸೂರು ಸಂಸ್ಥಾನದಲ್ಲಿ ಇದೇ ಕಾಲಕ್ಕೆ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ ಪ್ರಯೋಗ ಕ್ಷೇತ್ರ ಹುಟ್ಟಿಕೊಂಡಿತು. ಸಂಸ್ಥಾನ ನೇಮಿಸಿಕೊಂಡ ಡಾ. ಲೆಹ್ಮನ್, ಯಾವ ಮಣ್ಣು ಯಾವ ಗೊಬ್ಬರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬ ಪರೀಕ್ಷೆಗೆ ಕೈ ಹಾಕಿದ. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮೂಲ ಅಲ್ಲಿದೆ.

ಆ ಕಾಲಕ್ಕೆ ಪೊಟ್ಯಾಷ್ ಅಳೆಯುವುದೇ ಒಂದು ತಪಸ್ಸು. ಪ್ಲಾಟಿನಂ ಕ್ಲೋರೈಡ್ ಹಾಕಿ ಹಳದಿ ಹರಳು ಬೀಳಿಸಿ, ತೊಳೆದು, ಒಣಗಿಸಿ ತೂಗಬೇಕು. ಬೆಲೆಬಾಳುವ ಪ್ಲಾಟಿನಂ ಅನ್ನು ಮತ್ತೆ ಹಿಂದಕ್ಕೆ ಪಡೆಯಬೇಕು. ಈ ಕಷ್ಟವನ್ನು ನೀಗಿಸಿದ್ದು ಬೆಂಕಿ. ಪೊಟ್ಯಾಸಿಯಂ ಲವಣವನ್ನು ಜ್ವಾಲೆಗೆ ಹಿಡಿದರೆ ತಿಳಿ ನೇರಳೆ ಬಣ್ಣ ಬರುತ್ತದೆ. 1860ರ ಆಸುಪಾಸಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಜ್ವಾಲೆಯ ಬಣ್ಣದಿಂದ ಧಾತುಗಳನ್ನು ಗುರುತಿಸುವ ವಿದ್ಯೆ ಕಲಿಸಿದ್ದರು. ಆ ಬಣ್ಣದ ಪ್ರಖರತೆಯನ್ನು ಅಳೆದು ಪ್ರಮಾಣ ಹೇಳುವ ವಿಧಾನವನ್ನು 1920ರ ದಶಕದ ಕೊನೆಯಲ್ಲಿ ರೂಪಿಸಿದವನು ಸ್ವೀಡನ್ನಿನ ಸಸ್ಯ ವಿಜ್ಞಾನಿ ಲುಂಡೆಗಾರ್ಡ್. 1940ರ ದಶಕದಲ್ಲಿ ಮೇಜಿನ ಮೇಲಿಡುವ ಫ್ಲೇಮ್ ಫೋಟೊಮೀಟರ್ ಬಂದ ಮೇಲೆ, ದಿನವಿಡೀ ಹಿಡಿಯುತ್ತಿದ್ದ ಕೆಲಸ ನಿಮಿಷದ ಕೆಲಸವಾಯಿತು.

ಇನ್ನು ಬೇಕಾಗಿದ್ದದ್ದು ಮಣ್ಣಿನಿಂದ ಪೊಟ್ಯಾಷನ್ನು ಬಿಡಿಸುವ ಒಂದು ಸರ್ವಸಮ್ಮತ ದ್ರಾವಣ. ಆ ಸ್ಥಾನ ಅಮೋನಿಯಂ ಅಸಿಟೇಟ್‌ಗೆ ದಕ್ಕಿತು. ಅಮೋನಿಯಂ ಅಯಾನಿನ ಗಾತ್ರವೂ ಪೊಟ್ಯಾಸಿಯಂ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಜೇಡಿಯ ಮೇಲೆ ಕೂತ ಪೊಟ್ಯಾಸಿಯಂ ಅನ್ನು ಎಬ್ಬಿಸಿ ತಾನು ಕೂರಲು ಅದು ತಕ್ಕ ವಸ್ತು. ಥಾಂಪ್ಸನ್ ಕೊಳವೆಯಲ್ಲಿ ಕಂಡ ವಿದ್ಯಮಾನವೇ ಇಲ್ಲಿ ಉಪಕರಣವಾಯಿತು. ಅಮೆರಿಕದ ಅಯೋವಾದಲ್ಲಿ ಹ್ಯಾನ್‌ವೇ ಮತ್ತು ಹೈಡೆಲ್ 1952ರಲ್ಲಿ ಬರೆದಿಟ್ಟ ಕ್ರಮವನ್ನೇ ಭಾರತದ ಪ್ರಯೋಗಶಾಲೆಗಳೂ ಅನುಸರಿಸಿದವು: 5 ಗ್ರಾಂ ಮಣ್ಣು, 25 ಮಿಲಿಲೀಟರ್ ದ್ರಾವಣ, 5 ನಿಮಿಷ ಅಲ್ಲಾಟ, ಸೋಸಿ ಜ್ವಾಲೆಗೆ. 1955–56ರಲ್ಲಿ ಅಮೆರಿಕದ ಸಹಕಾರದಿಂದ ದೇಶದಲ್ಲಿ ಮಣ್ಣು ಪರೀಕ್ಷಾ ಕೇಂದ್ರಗಳು ಆರಂಭವಾದಾಗ ಬೇರೂರಿದ ಪದ್ಧತಿ ಇದು. ಹೆಕ್ಟೇರಿಗೆ 120 ಕಿಲೊ ಒಳಗಿದ್ದರೆ ‘ಕಡಿಮೆ’, 280 ಮೀರಿದರೆ ‘ಹೆಚ್ಚು’, ನಡುವೆ ‘ಮಧ್ಯಮ’ ಎಂಬ ಗಡಿಗಳು 1960ರ ದಶಕದಿಂದ ಬಳಕೆಯಲ್ಲಿವೆ. ಕೆಲವು ಕಾರ್ಡುಗಳಲ್ಲಿ ಈ ಗಡಿ 144 ಮತ್ತು 336ರ ಆಸುಪಾಸಿನಲ್ಲಿರುವುದು ಕಂಡು ಗಾಬರಿಯಾಗಬೇಕಿಲ್ಲ. ಅಲ್ಲಿ ಪೊಟ್ಯಾಸಿಯಂ ಬದಲು ಅದರ ಆಕ್ಸೈಡಿನ ಲೆಕ್ಕ ಬರೆದಿರುತ್ತಾರೆ. ಹತ್ತೊಂಬತ್ತನೇ ಶತಮಾನದ ಈ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. 50 ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲದ ಮೇಲೆ ‘ನೂರಕ್ಕೆ 60’ ಎಂದಿದ್ದರೂ ಅದರಲ್ಲಿರುವ ಪೊಟ್ಯಾಸಿಯಂ ಸುಮಾರು 25 ಕಿಲೊ ಮಾತ್ರ.

ಪದರಗಳ ನಡುವಿನ ಗುಟ್ಟು

ಐದು ನಿಮಿಷದ ಅಲ್ಲಾಟ ಏನನ್ನು ಬಿಡಿಸುತ್ತದೆ? ಜೇಡಿಯ ಹೊರಮೈಯ ಪೊಟ್ಯಾಷನ್ನು. ಅದು ಒಟ್ಟು ಪೊಟ್ಯಾಷಿನಲ್ಲಿ ನೂರಕ್ಕೆ ಒಂದೆರಡು ಪಾಲು. ಉಳಿದುದರಲ್ಲಿ ಬಹುಪಾಲು ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳಂಥ ಖನಿಜದೊಳಗೆ ಬಂದಿ. ಆದರೆ ಇವೆರಡರ ನಡುವೆ ಇನ್ನೊಂದು ದಾಸ್ತಾನಿದೆ. ಕೆಲವು ಜೇಡಿ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ಪದರಗಳ ಮೈಮೇಲೆ ಆರು ಮೂಲೆಯ ಕುಳಿಗಳಿವೆ. ಪೊಟ್ಯಾಸಿಯಂ ಅಯಾನು ಅವುಗಳಲ್ಲಿ ಅಳತೆ ತೆಗೆದು ಮಾಡಿಸಿದಂತೆ ಕೂರುತ್ತದೆ. ಕೂತೊಡನೆ ಪದರಗಳು ಮುಚ್ಚಿಕೊಳ್ಳುತ್ತವೆ. ಇಂಥ ಒಂದು ಜೇಡಿಗೆ 1937ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಹೆಸರಿನಿಂದ ‘ಇಲೈಟ್’ ಎಂದು ಹೆಸರಿಟ್ಟರು.

ಬೆಳೆ ಹೊರಮೈಯ ಪೊಟ್ಯಾಷನ್ನು ಹೀರಿದಂತೆ ಈ ನಡುವಿನ ದಾಸ್ತಾನು ನಿಧಾನವಾಗಿ ಹೊರಬಂದು ಕೊರತೆ ತುಂಬುತ್ತದೆ. ಅಮೋನಿಯಂ ಅಸಿಟೇಟ್‌ಗೆ ಇದು ಕಾಣುವುದಿಲ್ಲ. ಅದಕ್ಕೆ ಕಾರಣವೂ ಆ ದ್ರಾವಣವನ್ನು ಆರಿಸಿದ ಕಾರಣವೇ: ಪೊಟ್ಯಾಸಿಯಂನಷ್ಟೇ ಗಾತ್ರದ ಅಮೋನಿಯಂ ತಾನೂ ಕುಳಿಯಲ್ಲಿ ಕೂತು ಪದರದ ಅಂಚನ್ನು ಮುಚ್ಚಿಬಿಡುತ್ತದೆ. ಒಳಗಿದ್ದದ್ದು ಒಳಗೇ. ಇದನ್ನು ಹೊರತೆಗೆಯಲು 1941ರಲ್ಲಿ ಕುದಿಯುವ ನೈಟ್ರಿಕ್ ಆಮ್ಲದ ವಿಧಾನವೂ, 1960ರ ಹೊತ್ತಿಗೆ ಬಿಡುಗಡೆಯಾದ ಪೊಟ್ಯಾಸಿಯಂ ಅನ್ನು ಒಡನೆಯೇ ಗಟ್ಟಿ ಹರಳಾಗಿ ಹಿಡಿದಿಡುವ ಬೋರಾನ್ ಸಂಯುಕ್ತವೊಂದರ ವಿಧಾನವೂ ಬಂದವು. ಸಂಶೋಧನಾ ಪ್ರಬಂಧಗಳಲ್ಲಿ ಇವು ಧಾರಾಳವಾಗಿ ಕಾಣುತ್ತವೆ, ರೈತನ ಕಾರ್ಡಿನಲ್ಲಿ ಅಪರೂಪ.

ಬೇರಿನ ಕಡೆಯಿಂದ ನೋಡಿದರೆ ಇನ್ನೊಂದು ತೊಡಕು. ಅಮೆರಿಕದ ಸ್ಟ್ಯಾನ್ಲಿ ಬಾರ್ಬರ್ 1960ರ ದಶಕದಲ್ಲಿ ತೋರಿಸಿದಂತೆ, ಪೊಟ್ಯಾಸಿಯಂ ಹೆಚ್ಚಾಗಿ ಮಣ್ಣಿನ ತೇವದಲ್ಲಿ ಅಂಗುಲದ ಸಣ್ಣ ಭಾಗದಷ್ಟು ದೂರ ತೆವಳಿಕೊಂಡು ಬೇರನ್ನು ತಲುಪುತ್ತದೆ. ಮಳೆ ಕೈಕೊಟ್ಟರೆ ಆ ತೆವಳಾಟವೂ ನಿಧಾನ. ಕಾರ್ಡಿನಲ್ಲಿ ‘ಹೆಚ್ಚು’ ಎಂದಿದ್ದರೂ ಬರದ ವರ್ಷದಲ್ಲಿ ಗಿಡಕ್ಕೆ ಕಡಿಮೆ.

ಪರೀಕ್ಷೆಗೆ ಮಣ್ಣು ಕಳಿಸುವ ರೈತನಿಗೆ ಹೇಳುವ ಸೂಚನೆಯಲ್ಲೂ ಒಂದು ಸ್ವಾರಸ್ಯವಿದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹಲವು ಕಡೆ ಗುಣಿ ತೆಗೆದು, ಮಣ್ಣು ಬೆರೆಸಿ, ಅರ್ಧ ಕಿಲೊ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಿ ಎನ್ನುತ್ತಾರೆ. ಹೀಗೆ ಒಣಗಿಸುವುದರಿಂದಲೇ ಪದರಗಳು ಸುರುಳಿಬಿಚ್ಚಿ ಅಥವಾ ಮುಚ್ಚಿಕೊಂಡು ಪೊಟ್ಯಾಷಿನ ಸಂಖ್ಯೆ ಏರುಪೇರಾಗುತ್ತದೆ ಎಂಬುದು ಗೊತ್ತಾಗಿ ಎಪ್ಪತ್ತು ವರ್ಷ ಮೀರಿದೆ. ಅಯೋವಾದಲ್ಲಿ ಇದೇ ಕಾರಣಕ್ಕೆ ಕೆಲಕಾಲ ಹಸಿ ಮಣ್ಣನ್ನೇ ಪರೀಕ್ಷಿಸುತ್ತಿದ್ದರು. ಹಸಿ ಮಣ್ಣನ್ನು ಜರಡಿ ಹಿಡಿಯುವುದು, ಕಾಪಿಡುವುದು ರೇಜಿಗೆಯ ಕೆಲಸವಾದ್ದರಿಂದ 1980ರ ದಶಕದ ಕೊನೆಗೆ ಬಿಟ್ಟರು; ಮತ್ತೆ 2010ರ ದಶಕದಲ್ಲಿ ಅದಕ್ಕೆ ಮಾನ್ಯತೆ ಕೊಟ್ಟರು. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಖಾನ್, ಮುಲ್ವನಿ ಮತ್ತು ಎಲ್ಸ್‌ವರ್ತ್ ಒಂದು ಹೆಜ್ಜೆ ಮುಂದೆ ಹೋದರು. ಒಂದೇ ಹೊಲದ ಸಂಖ್ಯೆ ಋತುವಿನಿಂದ ಋತುವಿಗೆ ಏರಿಳಿಯುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು ನಂಬಿ ಪೊಟ್ಯಾಷ್ ಸುರಿಯುವುದರಲ್ಲಿ ಅರ್ಥವಿಲ್ಲ ಎಂದು ವಾದಿಸಿದರು. ಇತರ ಮಣ್ಣು ವಿಜ್ಞಾನಿಗಳು ತೀವ್ರವಾಗಿ ಪ್ರತಿಭಟಿಸಿದರು. ಮೂವರ ವಾದ ಅತಿಯಾಯಿತು ಎನ್ನಬಹುದು; ಆಳವಾದ, ಖನಿಜ ಸಮೃದ್ಧ ಇಲಿನಾಯ್ ಮಣ್ಣಿಗೆ ಸಲ್ಲುವ ಮಾತು ಮಳೆಯಲ್ಲಿ ತೊಳೆದುಹೋದ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಸಲ್ಲುವುದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಹುಸಿಯಲ್ಲ.

ಭಾರತಕ್ಕೆ ಈ ಪ್ರಶ್ನೆ ದುಡ್ಡಿನ ಪ್ರಶ್ನೆಯೂ ಹೌದು. ರಾಜಸ್ಥಾನದ ನೆಲದಡಿ ನಿಕ್ಷೇಪ ಗುರುತಿಸಿದ್ದರೂ ಇಲ್ಲಿ ಪೊಟ್ಯಾಷ್ ಗಣಿಯಿಲ್ಲ. ಹೊಲಕ್ಕೆ ಹಾಕುವ ಮ್ಯೂರಿಯೇಟ್ ಹಡಗಿನಲ್ಲಿ ಬರಬೇಕು. 1992ರ ಆಗಸ್ಟ್‌ನಲ್ಲಿ ಸರ್ಕಾರ ಅದರ ಬೆಲೆ ನಿಯಂತ್ರಣ ತೆಗೆದಾಗ ಬೆಲೆ ಜಿಗಿಯಿತು, ಬಳಕೆ ಕುಸಿಯಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾ, ಬೆಲಾರೂಸ್‌ಗಳ ಸರಬರಾಜು ಕೆಟ್ಟಾಗ ಬೆಲೆ ಮತ್ತೆ ಗಗನಕ್ಕೇರಿತು. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಕಾರ್ಖಾನೆಗಳಲ್ಲಿ ಉಳಿಯುವ ಬೂದಿಯ ಪೊಟ್ಯಾಷಿಗೆ 2021ರಿಂದ ಸರ್ಕಾರ ಸಹಾಯಧನ ಕೊಡುತ್ತಿದೆ. ಕಬ್ಬು ಹೊಲದಿಂದ ಹೊತ್ತು ತಂದ ಪೊಟ್ಯಾಷ್ ಅದು.

‘ಭಾರತದ ಮಣ್ಣಿನಲ್ಲಿ ಪೊಟ್ಯಾಷ್ ಧಾರಾಳ’ ಎಂಬ ನಂಬಿಕೆ ದಶಕಗಳ ಕಾಲ ಗಟ್ಟಿಯಾಗಿತ್ತು. ಗಂಗಾ ಬಯಲಿನ ಇಲೈಟ್ ತುಂಬಿದ ಮೆಕ್ಕಲಿಗೆ ಅದು ಬಹುಮಟ್ಟಿಗೆ ಒಪ್ಪುವ ಮಾತು. ಬೆಂಗಳೂರು, ಕೋಲಾರ, ತುಮಕೂರಿನ ಕೆಮ್ಮಣ್ಣಿನಲ್ಲಿರುವುದು ಹೆಚ್ಚಾಗಿ ಕೆಯೊಲಿನೈಟ್ ಎಂಬ ಬೇರೆ ಜೇಡಿ. ಅದರ ಪದರಗಳ ನಡುವೆ ಪೊಟ್ಯಾಷ್ ಕೂರುವ ಕುಳಿಯಿಲ್ಲ, ಆಪತ್ಕಾಲದ ದಾಸ್ತಾನು ತೀರ ಕಡಿಮೆ. ಉತ್ತರದ ಮೆಕ್ಕಲಿನಲ್ಲಿ ಗೋಧಿ ಬೆಳೆಯುವವನ ಕಾರ್ಡಿನಲ್ಲೂ ಕೋಲಾರದಲ್ಲಿ ರಾಗಿ ಬೆಳೆಯುವವನ ಕಾರ್ಡಿನಲ್ಲೂ 150 ಎಂದೇ ಇರಬಹುದು. ಮೊದಲನೆಯವನ ಮಣ್ಣು ಕೆಲವು ವರ್ಷ ಪೊಟ್ಯಾಷ್ ಇಲ್ಲದೆಯೂ ಆ ಸಂಖ್ಯೆಯನ್ನು ಹಾಗೆಯೇ ಹಿಡಿದುಕೊಂಡೀತು. ಎರಡನೆಯವನು ರಾಗಿಯ ಜೊತೆಗೆ ಹುಲ್ಲನ್ನೂ ಹೊತ್ತು ಮನೆಗೆ ತರುತ್ತಾನೆ. ಧಾನ್ಯದ ಬೆಳೆಯಲ್ಲಿ ಪೊಟ್ಯಾಷಿನ ಹೆಚ್ಚು ಪಾಲು ಇರುವುದು ಹುಲ್ಲಿನಲ್ಲಿ. ಕೊಟ್ಟಿಗೆ ಗೊಬ್ಬರವಾಗಿ ಅದು ಹೊಲಕ್ಕೆ ಮರಳದಿದ್ದರೆ ಅವನ 150 ಬೇಗ ಕರಗುತ್ತದೆ. ಇಬ್ಬರ ಕಾರ್ಡಿನಲ್ಲೂ ಆ ಸಂಖ್ಯೆಯ ಪಕ್ಕದಲ್ಲಿ ಇರುವುದು ‘ಮಧ್ಯಮ’ ಎಂದೇ.